ಕಲಬುರಗಿಯಲ್ಲಿ ಕೂತು ಮೆದುಳಿನ ಸ್ಕ್ಯಾನ್ ಲ್ಯಾಬ್‌ನಲ್ಲಿ ಪೋಸ್ಟ್‌ಡಾಕ್ ಹುಡುಕೋದು ಹೇಗೆ?

ಥೀಸಿಸ್ ಕೊಟ್ಟ ಮೇಲೆ ಪೋಸ್ಟ್‌ಡಾಕ್ ಅಂತ ಬಾಯಿ ತೆಗೆದರೆ ಸಾಕು, ಮನೆಯಲ್ಲಿ ಶುರು: "ಇನ್ನೂ ಎಷ್ಟ್ ಓದ್ತೀಯಪಾ, ಸಾಕ್ ಮಾಡು!" ಮೊದಲು ಅವರಿಗೆ ಒಂದು ಮಾತು ಹೇಳಿಬಿಡಿ. ಇದು ಓದಲ್ಲ, ಪಿಎಚ್‌ಡಿ ಆದಮೇಲೆ ಮಾಡುವ ಸಂಬಳದ ಸಂಶೋಧನಾ ಕೆಲಸ. ಸಾಮಾನ್ಯವಾಗಿ ಎರಡು-ಮೂರು ವರ್ಷದ ಕರಾರು. ಪರೀಕ್ಷೆ ಇಲ್ಲ, ಡಿಗ್ರಿಯೂ ಇಲ್ಲ. ಕೊನೆಗೆ ಕೈಯಲ್ಲಿ ಉಳಿಯೋದು ಒಂದಿಷ್ಟು ಪೇಪರ್‌ಗಳು, ಕಲಿತ ಕೆಲಸ, ನಿಮ್ಮ ಪರವಾಗಿ ಪತ್ರ ಬರೆಯಬಲ್ಲ ಒಬ್ಬ ಪ್ರೊಫೆಸರ್.

ಎದುರಿಗಿರೋರ ಮನಸ್ಸಲ್ಲಿ ಏನಿದೆ ಅಂತ ನಾವು ಹೇಗೆ ಊಹಿಸ್ತೀವಿ, ಮುಖ ನೋಡಿ ಸಿಟ್ಟು ಹೇಗೆ ಗುರುತಿಸ್ತೀವಿ, ಯಾರನ್ನ ಯಾಕೆ ನಂಬ್ತೀವಿ ಅನ್ನೋದೆಲ್ಲ ಸೋಶಿಯಲ್ ಕಾಗ್ನಿಷನ್. ಅದನ್ನು ಮೆದುಳಿನ ಚಿತ್ರಣದ ಮೂಲಕ ನೋಡುವ ಲ್ಯಾಬ್‌ಗಳಿಗೆ ಬರೀ ಸೈಕಾಲಜಿಯವರು ಬೇಕು ಅಂತಿಲ್ಲ. ಭಾಷಾಶಾಸ್ತ್ರ, ಶಿಕ್ಷಣ, ಕಂಪ್ಯೂಟರ್ ಸೈನ್ಸ್, ಬಯೋಮೆಡಿಕಲ್, ಸೈಕಿಯಾಟ್ರಿ ಎಂಡಿ, ಎಲ್ಲರಿಗೂ ಜಾಗ ಇದೆ.

ನಮ್ಮ ಕಡೆಯವರು ಇಲ್ಲೇ ಹಿಂದೆ ಸರಿಯೋದು. "ನಮ್ಮ ಯೂನಿವರ್ಸಿಟಿಯಲ್ಲಿ ಸ್ಕ್ಯಾನರ್ ಇಲ್ಲ, ನಮ್ಮನ್ನ ಯಾರು ತಗೋತಾರೆ?" ನನ್ನ ಪ್ರಕಾರ ಇದು ಉಲ್ಟಾ ಲೆಕ್ಕ. ಸ್ಕ್ಯಾನರ್ ಅವರ ಹತ್ತಿರ ಇದೆ. ಸ್ಕ್ಯಾನರ್‌ನಿಂದ ಬಂದ ಡೇಟಾವನ್ನು ಸ್ವಚ್ಛ ಮಾಡಿ, ಲೆಕ್ಕ ಹಾಕಿ, ನೇರವಾಗಿ ಬರೆಯುವ ಜನ ಅವರಿಗೆ ಬೇಕು. ಆ ಕೆಲಸ ಸೇಡಂ ರಸ್ತೆಯ ಬಾಡಿಗೆ ರೂಮಿನಲ್ಲಿ ಕೂತೂ ಕಲಿಯಬಹುದು, ಕಲಿತದ್ದನ್ನು ತೋರಿಸಲೂಬಹುದು.

ಮೊದಲು ಯಂತ್ರ ತಿಳ್ಕೊಳ್ಳಿ

ಎಫ್‌ಎಂಆರ್‌ಐ, ಅಂದರೆ ಕೆಲಸ ಮಾಡುತ್ತಿರುವ ಮೆದುಳಿನ ಎಂಆರ್‌ಐ ಸ್ಕ್ಯಾನ್, ನರಕೋಶವನ್ನು ನೇರವಾಗಿ ನೋಡಲ್ಲ. ಕೆಲಸ ಮಾಡುವ ಜಾಗಕ್ಕೆ ರಕ್ತ ಜಾಸ್ತಿ ಹರಿಯುತ್ತೆ, ಆಗ ರಕ್ತದಲ್ಲಿನ ಆಮ್ಲಜನಕದ ಪ್ರಮಾಣ ಬದಲಾಗುತ್ತೆ, ಆ ಬದಲಾವಣೆಯನ್ನು ಅದು ಹಿಡಿಯುತ್ತೆ. ಈ ಸಂಕೇತವನ್ನು ಜಪಾನಿನ ವಿಜ್ಞಾನಿ ಸೇಜಿ ಒಗಾವಾ 1990ರಲ್ಲಿ ತೋರಿಸಿದರು, 1992ರ ಹೊತ್ತಿಗೆ ಮನುಷ್ಯರ ಮೇಲೆ ಬಳಕೆ ಶುರುವಾಯ್ತು. ರಕ್ತದ ಈ ಪ್ರತಿಕ್ರಿಯೆ ಏರೋದು ನಿಧಾನ, ತುದಿ ಮುಟ್ಟಲು ಸುಮಾರು 5-6 ಸೆಕೆಂಡ್. ಅಂದರೆ ಜಾಗ ಚೆನ್ನಾಗಿ ಸಿಗುತ್ತೆ, ಎರಡು-ಮೂರು ಮಿಲಿಮೀಟರ್ ಮಟ್ಟಕ್ಕೆ, ಸಮಯ ಮಾತ್ರ ಮಸುಕು. ತಲೆಯ ಮೇಲಿಂದ ಮೆದುಳಿನ ವಿದ್ಯುತ್ ಅಳೆಯುವ ಇಇಜಿ ಇದಕ್ಕೆ ಉಲ್ಟಾ. ಸಮಯ ಮಿಲಿಸೆಕೆಂಡ್ ಮಟ್ಟದಲ್ಲಿ ಸಿಗುತ್ತೆ, ಯಾವ ಜಾಗದಿಂದ ಬಂತು ಅನ್ನೋದು ಗೋಜಲು. ತಲೆಗೆ ಟೋಪಿ ಹಾಕಿ ಬೆಳಕು ಬಿಡುವ ಎಫ್‌ನಿರ್ಸ್ ಮೆದುಳಿನ ಮೇಲ್ಪದರ ಮಾತ್ರ ನೋಡುತ್ತೆ, ಆದರೆ ಅಲ್ಲಾಡುವ ಮಕ್ಕಳಿಗೆ, ಎದುರುಬದುರು ಕೂತು ಮಾತಾಡುವ ಇಬ್ಬರಿಗೆ ಅದೇ ಅನುಕೂಲ.

ಲ್ಯಾಬಿಗೆ ಮೊದಲ ಪತ್ರ ಬರೆಯೋದಕ್ಕೆ ಮುಂಚೆ ನಿಮ್ಮ ಪ್ರಶ್ನೆಗೆ ಯಾವ ಯಂತ್ರ ಹೊಂದುತ್ತೆ ಅನ್ನೋದು ನಿಮಗೇ ಸ್ಪಷ್ಟ ಇರಬೇಕು. ಮಾತಿನ ಧ್ವನಿಯಲ್ಲಿರುವ ವ್ಯಂಗ್ಯ ಮೆದುಳಿಗೆ ಎಷ್ಟು ಬೇಗ ತಟ್ಟುತ್ತೆ ಅನ್ನೋದು ಪ್ರಶ್ನೆಯಾದರೆ ಎಫ್‌ಎಂಆರ್‌ಐ ಲ್ಯಾಬಿಗೆ ಬರೆದು ಪ್ರಯೋಜನ ಇಲ್ಲ.

ಇನ್ನೊಂದು ಮಾತು. ಊರಿನ ಆಸ್ಪತ್ರೆಯ ಎಂಆರ್‌ಐ ಬಳಸಿ ಏನಾದರೂ ಮಾಡೋಣ ಅಂತ ಓಡಾಡಬೇಡಿ. ರೋಗಿಗಳ ಸಾಲು ಇರುತ್ತೆ, ಒಳಗೆ ಮಲಗಿದವರಿಗೆ ಚಿತ್ರ ತೋರಿಸುವ ಪರದೆ, ಒತ್ತುವ ಬಟನ್ ಇರಲ್ಲ, ನೈತಿಕ ಸಮಿತಿಯ ಅನುಮತಿ ಬೇರೆ. ಆರು ತಿಂಗಳು ಹಾಗೇ ಹೋಗುತ್ತೆ.

ಒಂದು ಕೆಲಸ ಪೂರ್ತಿ ಮಾಡಿ ತೋರಿಸಿ

ಇಡೀ ಲೇಖನದಲ್ಲಿ ಒಂದನ್ನೇ ಓದ್ತೀರಿ ಅಂದ್ರೆ ಇದನ್ನು ಓದಿ.

ಓಪನ್‌ನ್ಯೂರೋ ಅನ್ನೋ ತಾಣದಲ್ಲಿ ಜಗತ್ತಿನ ಲ್ಯಾಬ್‌ಗಳು ತಮ್ಮ ಸ್ಕ್ಯಾನ್ ಡೇಟಾವನ್ನು ಹೆಸರು ತೆಗೆದು ಪುಕ್ಕಟೆ ಇಟ್ಟಿವೆ. ಅದರಲ್ಲಿ ಒಂದು ನಮಗೆ ಹೇಳಿ ಮಾಡಿಸಿದಂತಿದೆ. 3ರಿಂದ 12 ವರ್ಷದ 122 ಮಕ್ಕಳು ಮತ್ತು 33 ದೊಡ್ಡವರು ಸ್ಕ್ಯಾನರ್‌ನಲ್ಲಿ ಮಲಗಿ ಆರು ನಿಮಿಷಕ್ಕಿಂತ ಕಡಿಮೆಯ ಒಂದು ಕಾರ್ಟೂನ್ ನೋಡಿದ್ದಾರೆ. ಕಾರ್ಟೂನ್‌ನಲ್ಲಿ ಮಾತಿಲ್ಲ, ಹಾಗಾಗಿ ಭಾಷೆಯ ತಂಟೆಯೂ ಇಲ್ಲ. ಪಾತ್ರಗಳಿಗೆ ಕೆಲವು ಕಡೆ ಮೈ ನೋಯುತ್ತೆ, ಕೆಲವು ಕಡೆ ಮನಸ್ಸು ನೋಯುತ್ತೆ. 2018ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ ಬೇರೆಯವರ ಮನಸ್ಸನ್ನು ಊಹಿಸುವ ಜಾಲ ಮತ್ತು ಬೇರೆಯವರ ಮೈನೋವನ್ನು ಗ್ರಹಿಸುವ ಜಾಲ ಮೂರನೇ ವಯಸ್ಸಿಗೇ ಬೇರೆ ಬೇರೆ ಇರುತ್ತವೆ, ವಯಸ್ಸಾದಂತೆ ಇನ್ನೂ ದೂರ ಸರಿಯುತ್ತವೆ.

ಈಗ ನಿಮ್ಮ ಕೆಲಸ. ಪೈಥಾನ್‌ನಲ್ಲಿ ನೈಲರ್ನ್ ಅನ್ನೋ ಪುಕ್ಕಟೆ ಲೈಬ್ರರಿ ಇದೆ. ಇದೇ ಡೇಟಾದ ಚಿಕ್ಕ ಮಾಡಿದ ಆವೃತ್ತಿ, ಚಿತ್ರದ ಒಂದೊಂದು ಚುಕ್ಕಿ 4 ಮಿಲಿಮೀಟರ್ ಆಗುವಷ್ಟು ಒರಟು ಮಾಡಿದ್ದು, ಒಂದೇ ಸಾಲಿನ ಆಜ್ಞೆಗೆ ಇಳಿದು ಬರುತ್ತೆ. ಮೊದಲು ಹತ್ತು ಜನರದ್ದು ಮಾತ್ರ ಇಳಿಸಿ. ಒಬ್ಬೊಬ್ಬರಿಗೂ 168 ಚಿತ್ರ, ಎರಡೆರಡು ಸೆಕೆಂಡಿಗೆ ಒಂದು. ಸಾಧಾರಣ ಲ್ಯಾಪ್‌ಟಾಪ್ ಸಾಕು. ಮೇ ತಿಂಗಳಲ್ಲಿ ಕರೆಂಟ್ ನಂಬೋ ಹಾಗಿಲ್ಲ ಅಲ್ವಾ, ಆಗ ಬ್ರೌಸರ್‌ನಲ್ಲೇ ಕೋಡ್ ಓಡಿಸುವ ಗೂಗಲ್ ಕೊಲ್ಯಾಬ್‌ನಲ್ಲಿ ಮಾಡಿ, ಲೆಕ್ಕ ಅವರ ಯಂತ್ರದಲ್ಲಿ ನಡೆಯುತ್ತೆ. ಅರ್ಧಕ್ಕೆ ನಿಂತುಹೋಗಬಹುದು, ಅದಕ್ಕೆ ಬಂದ ಫಲಿತಾಂಶವನ್ನು ಆಗಾಗ ಡ್ರೈವ್‌ಗೆ ಉಳಿಸ್ತಾ ಹೋಗಿ.

ಮೊದಲ ವಾರ ಲೆಕ್ಕವೇ ಬೇಡ. ಚಿತ್ರಗಳನ್ನು ತೆರೆದು ಕಣ್ಣಲ್ಲಿ ನೋಡಿ. ಮೆದುಳು ಎಲ್ಲಿ ಶುರು, ಎಲ್ಲಿ ಮುಗಿಯಿತು, ಯಾವ ಚಿತ್ರ ಮಸುಕು ಅಂತ. ಆಮೇಲೆ ಮೆದುಳಿನ ಭಾಗಗಳ ಸಿದ್ಧ ನಕ್ಷೆ ಒಂದನ್ನು ತಗೊಂಡು ಪ್ರತಿ ಭಾಗದ ಏರಿಳಿತವನ್ನು ಸಮಯದ ಸಾಲಾಗಿ ತೆಗೀರಿ. ಕಿವಿಯ ಮೇಲೆ-ಹಿಂದೆ ಬರುವ ಟೆಂಪೊರೊ-ಪರೈಟಲ್ ಜಂಕ್ಷನ್, ಹಣೆಯ ಹಿಂದಿನ ಮಧ್ಯಭಾಗ, ಇವೆರಡು ಈ ಕ್ಷೇತ್ರದಲ್ಲಿ ಪದೇಪದೇ ಬರುವ ಜಾಗಗಳು. ಯಾವ ಭಾಗ ಯಾವುದರ ಜೊತೆ ಏರಿಳಿಯುತ್ತೆ ನೋಡಿ. ಮಕ್ಕಳಲ್ಲಿ ಎಷ್ಟು, ದೊಡ್ಡವರಲ್ಲಿ ಎಷ್ಟು ಅಂತ ಹೋಲಿಸಿ.

ಒಂದು ಚಂದದ ವ್ಯತ್ಯಾಸ ಸಿಗುತ್ತೆ. ಇಲ್ಲೇ ನಿಲ್ಲಬೇಡಿ, ಯಾಕೆಂದರೆ ನಿಜವಾದ ಕೆಲಸ ಇಲ್ಲಿಂದ ಶುರು. ಮಕ್ಕಳು ಸ್ಕ್ಯಾನರ್‌ನಲ್ಲಿ ಸುಮ್ನೆ ಮಲಗಲ್ಲ, ತಲೆ ಅಲ್ಲಾಡಿಸ್ತಾರೆ. ಒಂದು ಮಿಲಿಮೀಟರ್‌ಗಿಂತ ಕಡಿಮೆ ಅಲುಗಾಟವೂ ಭಾಗ-ಭಾಗಗಳ ನಡುವಿನ ಸಂಬಂಧವನ್ನು ಸುಳ್ಳುಸುಳ್ಳಾಗಿ ಏರಿಸಿ ಇಳಿಸಿ ತೋರಿಸುತ್ತೆ ಅಂತ 2012ರಲ್ಲಿ ಬೇರೆ ಬೇರೆ ತಂಡಗಳು ತೋರಿಸಿದವು. ಅದಕ್ಕೂ ಮುಂಚೆ "ಮೆದುಳು ಬೆಳೆಯುವ ರೀತಿ" ಅಂತ ಪ್ರಕಟವಾದದ್ದರಲ್ಲಿ ಒಂದು ಪಾಲು ಬರೀ ತಲೆ ಅಲ್ಲಾಡಿದ್ದು! ಆ ಡೇಟಾ ಜೊತೆಗೇ ಪ್ರತಿಯೊಬ್ಬರ ಅಲುಗಾಟದ ಫೈಲ್ ಬರುತ್ತೆ. ಜಾಸ್ತಿ ಅಲುಗಾಡಿದವರನ್ನು ತೆಗೆದು ಲೆಕ್ಕ ಮತ್ತೆ ಮಾಡಿ. ವಯಸ್ಸಿನ ವ್ಯತ್ಯಾಸ ಉಳೀತಾ? ಎಷ್ಟು ಕಡಿಮೆ ಆಯ್ತು? ಮಿತಿ ಬದಲಿಸಿದರೆ ಏನಾಗುತ್ತೆ? ಇದನ್ನೆಲ್ಲ ನಾಲ್ಕು ಪುಟದಲ್ಲಿ ಬರೆದು ಕೋಡ್ ಸಮೇತ ಗಿಟ್‌ಹಬ್‌ನಲ್ಲಿ (ಕೋಡ್ ಹಂಚಿಕೊಳ್ಳುವ ತಾಣ) ಇಡಿ. ಫಲಿತಾಂಶ ಹೊಸದಿರಬೇಕು ಅಂತಿಲ್ಲ. ನೀವು ಎಲ್ಲಿ ಅನುಮಾನ ಪಟ್ಟಿರಿ, ಯಾಕೆ ಪಟ್ಟಿರಿ ಅನ್ನೋದು ಓದಿದವರಿಗೆ ಕಾಣಬೇಕು, ಅಷ್ಟೇ.

ಕೋಡಿಂಗ್ ಪೂರ್ತಿ ಹೊಸದಾದರೆ ನ್ಯೂರೋಮ್ಯಾಚ್ ಅಕಾಡೆಮಿಯ ಪಾಠಗಳು ಆನ್‌ಲೈನ್‌ನಲ್ಲಿ ಪುಕ್ಕಟೆ ಇವೆ. ಅವರ ಬೇಸಿಗೆ ಶಾಲೆಗೂ ಅರ್ಜಿ ಹಾಕಬಹುದು, ಶುಲ್ಕ ನೀವಿರುವ ದೇಶದ ಲೆಕ್ಕದಲ್ಲಿ ಇರುತ್ತೆ.

ಪ್ರಶ್ನೆ ನಮ್ಮ ಊರಿನದ್ದಿರಲಿ

ಮನೋವಿಜ್ಞಾನದ ಪ್ರಯೋಗಗಳಲ್ಲಿ ಕೂತವರೆಲ್ಲ ಬಹುಪಾಲು ಅಮೆರಿಕ-ಯುರೋಪಿನ ಕಾಲೇಜು ಹುಡುಗರು ಅನ್ನೋ ದೂರು 2010ರಲ್ಲಿ ಜೋರಾಗಿ ಎದ್ದಿತು, ಇನ್ನೂ ಇಳಿದಿಲ್ಲ. ಇದು ನಿಮಗೆ ಅನುಕೂಲ. ಬೀದರ್‌ನ ಓಣಿಯ ಒಂದು ಮಗು ನೋಡಿ. ಮನೆಯಲ್ಲಿ ಕನ್ನಡ, ಗೆಳೆಯರ ಜೊತೆ ದಖನಿ ಉರ್ದು, ಸೋದರತ್ತೆ ಬಂದರೆ ಮರಾಠಿ, ಸಂತೆಯಲ್ಲಿ ತೆಲುಗು. ಅಜ್ಜಿಗೆ ಉರ್ದು ಬರಲ್ಲ ಅಂತ ಅದಕ್ಕೆ ಗೊತ್ತು, ಅಜ್ಜಿ ಬಾಗಿಲಿಗೆ ಬಂದ ಕೂಡಲೇ ಮಾತು ಬದಲಿಸುತ್ತೆ. ಯಾರಿಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಅನ್ನೋ ಲೆಕ್ಕ ದಿನವಿಡೀ ನಡೀತಿರುತ್ತೆ. ಎರಡು ಭಾಷೆಯ ಮಕ್ಕಳು ಬೇರೆಯವರ ಮನಸ್ಸು ಊಹಿಸುವ ಪರೀಕ್ಷೆಗಳಲ್ಲಿ ಮುಂದಿರ್ತಾರಾ ಅನ್ನೋ ಚರ್ಚೆ ಈಗಾಗಲೇ ಇದೆ, ಒಮ್ಮತ ಇಲ್ಲ. ನಾಲ್ಕು ಭಾಷೆಯ ಮಕ್ಕಳ ಬಗ್ಗೆ ಬರೆಯಲು ನಿಮಗಿಂತ ಯಾರಿಗೆ ಹಕ್ಕಿದೆ?

ಸಾಧನಗಳೂ ಪೂರ್ತಿ ಹೊರಗಿನವೇ ಆಗಬೇಕಿಲ್ಲ. ಭಾರತದ ಸನ್ನಿವೇಶಕ್ಕೆ ಹೊಂದುವ ಸೋಶಿಯಲ್ ಕಾಗ್ನಿಷನ್ ಪರೀಕ್ಷೆಗಳ ಕಟ್ಟೊಂದನ್ನು ನಿಮ್ಹಾನ್ಸ್‌ನವರು 2011ರಲ್ಲಿ ಪ್ರಕಟಿಸಿದ್ದಾರೆ, ಹೆಸರು ಸೊಕ್ರಾಟಿಸ್. ಭಾವನೆ ಗುರುತಿಸುವ ಟ್ರೆಂಡ್ಸ್ ಅನ್ನೋ ಸಾಧನ ಅದಕ್ಕೂ ಮುಂಚಿನದು, ಅದರಲ್ಲಿ ಇರೋದು ಭಾರತೀಯರ ಮುಖಗಳೇ. ನಿಮ್ಮ ಪ್ರಸ್ತಾವನೆಯಲ್ಲಿ ಇವುಗಳ ಹೆಸರು ಬಂದರೆ ಓದುವವರಿಗೆ ಇವರು ಹೋಂವರ್ಕ್ ಮಾಡಿದ್ದಾರೆ ಅಂತ ಗೊತ್ತಾಗುತ್ತೆ.

ದೇಶದೊಳಗೆ ಎಲ್ಲೆಲ್ಲಿ

ಬೆಂಗಳೂರಲ್ಲಿ ನಿಮ್ಹಾನ್ಸ್, ಐಐಎಸ್‌ಸಿಯ ಸೆಂಟರ್ ಫಾರ್ ನ್ಯೂರೋಸೈನ್ಸ್, ಅದೇ ಕ್ಯಾಂಪಸ್‌ನ ಸೆಂಟರ್ ಫಾರ್ ಬ್ರೈನ್ ರಿಸರ್ಚ್. ಹರಿಯಾಣದ ಮಾನೇಸರ್‌ನಲ್ಲಿ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ, ಎನ್‌ಬಿಆರ್‌ಸಿ. ಅಲಹಾಬಾದ್ ವಿಶ್ವವಿದ್ಯಾಲಯದ ಕಾಗ್ನಿಟಿವ್ ಸೈನ್ಸ್ ಕೇಂದ್ರ ಸಿಬಿಸಿಎಸ್, ಐಐಟಿ ಕಾನ್ಪುರ ಮತ್ತು ಗಾಂಧಿನಗರದ ಕಾಗ್ನಿಟಿವ್ ಸೈನ್ಸ್ ವಿಭಾಗಗಳು. ನಮಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ ಅನ್ನೋದನ್ನ ಮರೀಬೇಡಿ. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ನ್ಯೂರಲ್ ಮತ್ತು ಕಾಗ್ನಿಟಿವ್ ಸೈನ್ಸ್ ಕೇಂದ್ರ ಇದೆ, ಟ್ರಿಪಲ್ ಐಟಿಯಲ್ಲಿ ಕಾಗ್ನಿಟಿವ್ ಸೈನ್ಸ್ ಲ್ಯಾಬ್ ಇದೆ. ಬೀದರ್‌ನಿಂದ ಬೆಳಿಗ್ಗೆ ಹೋಗಿ ಸಂಜೆ ಬರುವ ದೂರ. ಸೆಮಿನಾರ್ ಇದ್ದಾಗ ಹೋಗಿ ಕೂತು, ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿ ಬನ್ನಿ.

ಬೇಗ ಸಿಗುವ ದಾರಿ ಅಂದರೆ ಯಾವುದಾದರೂ ಪ್ರಾಜೆಕ್ಟ್‌ನಲ್ಲಿ ರಿಸರ್ಚ್ ಅಸೋಸಿಯೇಟ್ ಹುದ್ದೆ. 2023ರ ಕೇಂದ್ರದ ದರದಂತೆ ಮೊದಲ ಹಂತಕ್ಕೆ ತಿಂಗಳಿಗೆ 58,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಜಾಹೀರಾತು ಸಂಸ್ಥೆಯ ವೆಬ್‌ಸೈಟ್‌ನಲ್ಲಿ ಬರುತ್ತೆ, ಅರ್ಜಿಗೆ ಸಮಯ ಕೆಲವೊಮ್ಮೆ ಎರಡೇ ವಾರ. ಸ್ವಂತ ಫೆಲೋಶಿಪ್ ಬೇಕೆಂದರೆ ನ್ಯಾಷನಲ್ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ ಇದೆ. ಮೊದಲು ವಿಜ್ಞಾನ ಸಂಶೋಧನೆಗೆ ಹಣ ಕೊಡುವ ಕೇಂದ್ರದ ಸಂಸ್ಥೆ ಸರ್ಬ್ ಕೊಡ್ತಿತ್ತು, ಈಗ ಅದರ ಜಾಗಕ್ಕೆ ಎಎನ್‌ಆರ್‌ಎಫ್ ಬಂದಿದೆ. ಎರಡು ವರ್ಷದ ಅವಧಿ, ವಯಸ್ಸಿನ ಮಿತಿ 35, ಎಸ್‌ಸಿ, ಎಸ್‌ಟಿ, ಒಬಿಸಿ, ಮಹಿಳೆಯರು ಮತ್ತು ಅಂಗವಿಕಲರಿಗೆ 5 ವರ್ಷ ಸಡಿಲ. ಸೈಕಾಲಜಿ, ಶಿಕ್ಷಣ, ಸಮಾಜಕಾರ್ಯದ ಕಡೆಯಿಂದ ಬಂದವರು ಸಮಾಜ ವಿಜ್ಞಾನ ಸಂಶೋಧನಾ ಮಂಡಳಿಯ (ಐಸಿಎಸ್‌ಎಸ್‌ಆರ್) ಪೋಸ್ಟ್‌ಡಾಕ್ ಕೂಡ ನೋಡಿ. ವಿಜ್ಞಾನ ತಂತ್ರಜ್ಞಾನ ಇಲಾಖೆಯ ಕಾಗ್ನಿಟಿವ್ ಸೈನ್ಸ್ ಯೋಜನೆಯ ಕರೆಗಳ ಮೇಲೂ ಕಣ್ಣಿಟ್ಟಿರಿ. ಯಾವುದಕ್ಕೇ ಆಗಲಿ, ಕರೆ ಬಂದ ದಿನದ ನಿಯಮಗಳನ್ನೇ ಓದಿ. ಹೋದ ವರ್ಷದ್ದು ಈ ವರ್ಷ ಇರಲ್ಲ.

ಹೊರದೇಶ

ಯುರೋಪಿಗೆ ಮೇರಿ ಕ್ಯೂರಿ ಫೆಲೋಶಿಪ್ ದೊಡ್ಡದು. ಅರ್ಜಿ ಸಾಮಾನ್ಯವಾಗಿ ಸೆಪ್ಟೆಂಬರ್‌ಗೆ ಮುಗಿಯುತ್ತೆ, ಪಿಎಚ್‌ಡಿ ಆಗಿ 8 ವರ್ಷದ ಸಂಶೋಧನಾ ಅನುಭವದೊಳಗೆ ಇರಬೇಕು, ಹೋಗುವ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು. ಇದನ್ನು ಒಬ್ಬರೇ ಬರೆಯೋಕಾಗಲ್ಲ, ಆ ಲ್ಯಾಬ್‌ನವರ ಜೊತೆ ಕೂತು ಬರೀಬೇಕು. ಅಂದರೆ ಅವರ ಹತ್ತಿರ ಮಾತು ಮಾರ್ಚ್-ಏಪ್ರಿಲ್‌ನಲ್ಲೇ ಶುರುವಾಗಿರಬೇಕು. ಜರ್ಮನಿಯ ಹಂಬೋಲ್ಟ್ ಫೆಲೋಶಿಪ್‌ಗೆ ಪಿಎಚ್‌ಡಿ ಆಗಿ 4 ವರ್ಷದೊಳಗಿನವರು 6ರಿಂದ 24 ತಿಂಗಳ ಅವಧಿಗೆ ಹೋಗಬಹುದು. ಅಮೆರಿಕಕ್ಕೆ ಫುಲ್‌ಬ್ರೈಟ್-ನೆಹರು ಇದೆ, ಆದರೆ ಅಲ್ಲಿ ಹೆಚ್ಚಿನ ಪೋಸ್ಟ್‌ಡಾಕ್‌ಗಳಿಗೆ ಸಂಬಳ ಬರೋದು ಪ್ರೊಫೆಸರ್‌ಗಳ ಅನುದಾನದಿಂದ. ಅಲ್ಲಿ ಅನೇಕ ಲ್ಯಾಬ್‌ಗಳು ಸಂಬಳ ನಿಗದಿ ಮಾಡೋದು ಅಲ್ಲಿನ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ದರಪಟ್ಟಿ ನೋಡಿ, 2024ರಲ್ಲಿ ಹೊಸಬರಿಗೆ ಅದು ವರ್ಷಕ್ಕೆ 61,008 ಡಾಲರ್ ಇತ್ತು. ಕೇಳೋಕೆ ಜಾಸ್ತಿ ಅನ್ನಿಸುತ್ತೆ, ಬಾಸ್ಟನ್‌ನ ಬಾಡಿಗೆ ಕೇಳಿದ ಮೇಲೆ ಹಾಗನ್ನಿಸಲ್ಲ.

ಲ್ಯಾಬ್ ಹುಡುಕೋದು ಹೀಗೆ: ಇಷ್ಟವಾದ ಐದು ಪೇಪರ್ ತಗೊಳ್ಳಿ, ಲೇಖಕರ ಪಟ್ಟಿಯ ಕೊನೆಯಲ್ಲಿ ಯಾರ ಹೆಸರಿದೆ ನೋಡಿ (ಸಾಮಾನ್ಯವಾಗಿ ಲ್ಯಾಬ್ ನಡೆಸುವವರದ್ದು), ಅವರ ಲ್ಯಾಬ್ ಪುಟಕ್ಕೆ ಹೋಗಿ, ಹಳೇ ಪೋಸ್ಟ್‌ಡಾಕ್‌ಗಳು ಈಗ ಎಲ್ಲಿದ್ದಾರೆ ನೋಡಿ. ಆ ಪಟ್ಟಿಯೇ ಇಲ್ಲದ ಲ್ಯಾಬ್ ಬಗ್ಗೆ ಸ್ವಲ್ಪ ಹುಷಾರು. ಲೈಪ್ಜಿಗ್‌ನ ಮ್ಯಾಕ್ಸ್ ಪ್ಲಾಂಕ್, ನೆದರ್ಲೆಂಡ್ಸ್‌ನ ಡಾಂಡರ್ಸ್, ಲಂಡನ್‌ನ ಯುಸಿಎಲ್ ಅಂತ ದೊಡ್ಡ ಹೆಸರುಗಳ ಹಿಂದೆಯೇ ಎಲ್ಲರೂ ಓಡ್ತಾರೆ. ಹೊಸದಾಗಿ ಲ್ಯಾಬ್ ಶುರು ಮಾಡಿದ ಚಿಕ್ಕ ವಯಸ್ಸಿನ ಪ್ರೊಫೆಸರ್‌ಗಳಿಗೆ ಜನ ತುರ್ತಾಗಿ ಬೇಕಿರುತ್ತೆ, ಉತ್ತರವೂ ಬೇಗ ಬರುತ್ತೆ.

ಪತ್ರ

"ಗೌರವಾನ್ವಿತ ಸರ್, ನಾನು ಕಷ್ಟಪಟ್ಟು ದುಡಿಯುವವನು, ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಒಂದು ಅವಕಾಶ ದಯಪಾಲಿಸಬೇಕು." ಇದನ್ನು ಇಂಗ್ಲಿಷ್‌ನಲ್ಲಿ ಬರೆದು ಎಪ್ಪತ್ತು ಜನಕ್ಕೆ ಕಳಿಸುವವರಿದ್ದಾರೆ. ಒಂದಕ್ಕೂ ಉತ್ತರ ಬರಲ್ಲ. ಬೇಡಿಕೊಳ್ಳೋದು ಬೇಡ, ಹೊಗಳೋದೂ ಬೇಡ. ಹೆಸರು ಹಿಡಿದು ಶುರು ಮಾಡಿ, ಹೀಗೆ: "ನಿಮ್ಮ ಪೇಪರ್‌ನಲ್ಲಿ ಮಕ್ಕಳ ಎರಡು ಜಾಲಗಳು ವಯಸ್ಸಿನ ಜೊತೆ ದೂರವಾಗುತ್ತವೆ ಅಂತ ಓದಿದೆ. ಅಂಥದ್ದೇ ತೆರೆದ ಡೇಟಾದಲ್ಲಿ ತಲೆ ಅಲುಗಾಟದ ಮಿತಿ ಬಿಗಿ ಮಾಡಿದಾಗ ಈ ಸಂಬಂಧ ಎಷ್ಟು ಉಳಿಯುತ್ತೆ ಅಂತ ನೋಡಿದ್ದೇನೆ, ಕೋಡ್ ಮತ್ತು ನಾಲ್ಕು ಪುಟದ ವರದಿ ಈ ಲಿಂಕ್‌ನಲ್ಲಿದೆ." ಆಮೇಲೆ ನಿಮ್ಮ ಪಿಎಚ್‌ಡಿ ಬಗ್ಗೆ ಎರಡು ಸಾಲು, ಅವರ ಲ್ಯಾಬ್‌ನಲ್ಲಿ ಏನು ಮಾಡಬೇಕೆಂದಿದ್ದೀರಿ ಅಂತ ಮೂರು ಸಾಲು, ಯಾವ ಫೆಲೋಶಿಪ್‌ಗೆ ಜೊತೆಯಾಗಿ ಅರ್ಜಿ ಹಾಕಬಹುದು ಅಂತ ಒಂದು ಸಾಲು. ಮುಗೀತು. ಎರಡು ವಾರ ಕಾದು ಒಮ್ಮೆ ನೆನಪಿಸಿ, ಆಮೇಲೆ ಬಿಟ್ಟುಬಿಡಿ.

ಸಿವಿಯಲ್ಲಿ ಜಾತಿ, ಧರ್ಮ, ತಂದೆಯ ಉದ್ಯೋಗ, ಫೋಟೋ ಬೇಡ. ದುಡ್ಡು ಕಟ್ಟಿದ ವಾರಕ್ಕೇ ಅಚ್ಚಾಗುವ ಜರ್ನಲ್‌ಗಳಲ್ಲಿ ಪೇಪರ್ ಇದ್ದರೆ ಅವು ಸಹಾಯಕ್ಕಿಂತ ತೊಂದರೆ ಮಾಡೋದೇ ಜಾಸ್ತಿ. ಅದರ ಬದಲು ಥೀಸಿಸ್‌ನ ಒಂದು ಒಳ್ಳೆ ಅಧ್ಯಾಯವನ್ನು ಸೈಆರ್ಕೈವ್ ತಾಣದಲ್ಲಿ ಪ್ರಿಪ್ರಿಂಟ್ (ಜರ್ನಲ್‌ಗೆ ಮುಂಚಿನ ಪ್ರತಿ) ಆಗಿ ಹಾಕಿ, ಅದಕ್ಕೆ ದುಡ್ಡಿಲ್ಲ.

ಶಿಫಾರಸು ಪತ್ರ ಮೂರು ಬೇಕಾಗುತ್ತೆ. ಗೈಡ್‌ಗೆ "ಸರ್, ಒಂದು ಲೆಟರ್ ಕೊಡ್ರೀ" ಅಂತ ಕೊನೇ ದಿನ ಹೇಳಿದರೆ ಎಲ್ಲರಿಗೂ ಕೊಡುವ ಅದೇ ನಾಲ್ಕು ಸಾಲು ಸಿಗುತ್ತೆ. ತಿಂಗಳು ಮುಂಚೆಯೇ ನೀವು ಅವರ ಹತ್ತಿರ ಮಾಡಿದ ಕೆಲಸಗಳ ಪಟ್ಟಿ ಬರೆದು ಕೊಡಿ. ಪತ್ರ ಸಂಸ್ಥೆಯ ಮೇಲ್‌ನಿಂದ ಹೋಗುವ ಹಾಗೆ ನೋಡಿಕೊಳ್ಳಿ, ಜಿಮೇಲ್‌ನಿಂದ ಬಂದ ಶಿಫಾರಸನ್ನು ಎಷ್ಟೋ ಅರ್ಜಿ ವ್ಯವಸ್ಥೆಗಳು ತಗೊಳ್ಳಲ್ಲ.

ಸಂದರ್ಶನದಲ್ಲಿ ಕೇಳೋದು

ನಿಮ್ಮ ಕೆಲಸದ ಬಗ್ಗೆ ಒಂದು ಭಾಷಣ, ಆಮೇಲೆ ಪ್ರಶ್ನೆ. ಯಾಕೆ ಇಷ್ಟೇ ಜನ? ಯಾಕೆ ಈ ಮಿತಿ? ಏನೂ ಸಿಗದಿದ್ದರೆ ಏನು ಮಾಡ್ತಿದ್ರಿ? ಈ ಕ್ಷೇತ್ರ ಸುಟ್ಟುಕೊಂಡು ಕಲಿತದ್ದು ಜಾಸ್ತಿ, ಅದಕ್ಕೇ ಇಂಥ ಪ್ರಶ್ನೆ. 2009ರಲ್ಲಿ ಸಂಶೋಧಕರು ಒಂದು ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನರ್‌ನಲ್ಲಿಟ್ಟು, ಮನುಷ್ಯರ ಫೋಟೋ ತೋರಿಸಿ, ಇವರಿಗೆ ಏನನ್ನಿಸ್ತಿದೆ ಅಂತ "ಕೇಳಿದರು". ಲೆಕ್ಕವನ್ನು ಸಡಿಲ ಬಿಟ್ಟರೆ ಮೀನಿನ ಮೆದುಳೂ ಮಿನುಗಿತು! ಮೆದುಳಿನ ಚಿತ್ರದ ಸಾವಿರಾರು ಚುಕ್ಕಿಗಳನ್ನು ಒಟ್ಟಿಗೆ ಪರೀಕ್ಷಿಸಿದಾಗ ಕೆಲವು ಸುಮ್ನೆ ಅದೃಷ್ಟಕ್ಕೆ ಬೆಳಗುತ್ತವೆ, ಅದನ್ನು ತಿದ್ದಲೇಬೇಕು. 2016ರ ಇನ್ನೊಂದು ಅಧ್ಯಯನ ಜನಪ್ರಿಯ ಸಾಫ್ಟ್‌ವೇರ್‌ಗಳ ಕೆಲವು ರೂಢಿಯ ಲೆಕ್ಕಗಳಲ್ಲಿ ಸುಳ್ಳು ಫಲಿತಾಂಶ ಶೇ. 5 ಇರಬೇಕಾದಲ್ಲಿ ಶೇ. 70ರವರೆಗೂ ಹೋಗಬಹುದು ಅಂತ ತೋರಿಸಿತು. 2020ರಲ್ಲಿ 70 ತಂಡಗಳಿಗೆ ಒಂದೇ ಡೇಟಾ ಕೊಟ್ಟರೆ ಎಲ್ಲರ ತೀರ್ಮಾನ ಒಂದೇ ಬರಲಿಲ್ಲ. ಈ ಮೂರನ್ನೂ ಓದಿಕೊಂಡು ಹೋಗಿ. ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ, ಹೀಗೆ ಪರೀಕ್ಷಿಸಿ ನೋಡ್ತೀನಿ" ಅಂದರೆ ಅದೇ ಒಳ್ಳೆ ಉತ್ತರ.

ಕಾಗದ ಪತ್ರ

ನಮ್ಮ ಕಡೆ ಜಾಸ್ತಿ ಜನ ಎಡವೋದು ಹೆಸರಲ್ಲಿ. ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್‌ನಲ್ಲಿ ಹೆಸರಿನ ಜೊತೆ ಅಪ್ಪನ ಹೆಸರು, ಆಧಾರ್‌ನಲ್ಲಿ ಅಡ್ಡಹೆಸರು, ಪೇಪರ್‌ನಲ್ಲಿ ಬರೀ ಇನಿಷಿಯಲ್. ಪಾಸ್‌ಪೋರ್ಟ್ ಮಾಡಿಸುವಾಗಲೇ ಒಂದು ರೂಪಕ್ಕೆ ನಿಲ್ಲಿ, ಮುಂದಿನ ಪೇಪರ್‌ಗಳಲ್ಲಿ ಅದನ್ನೇ ಬಳಸಿ, ಆರ್ಕಿಡ್ (ಸಂಶೋಧಕರ ಗುರುತಿನ) ಸಂಖ್ಯೆ ಮಾಡಿಕೊಂಡು ಹಳೇ ಪೇಪರ್‌ಗಳನ್ನೆಲ್ಲ ಅದಕ್ಕೆ ಜೋಡಿಸಿ. ಪಾಸ್‌ಪೋರ್ಟ್‌ಗೆ ಬೆಂಗಳೂರಿಗೆ ಹೋಗಬೇಕಿಲ್ಲ, ಕಲಬುರಗಿಯಲ್ಲೇ ಕೇಂದ್ರ ಇದೆ. ಅಮೆರಿಕದ ವೀಸಾ ಸಂದರ್ಶನಕ್ಕೆ ಹೈದರಾಬಾದ್ ಹತ್ತಿರ. ಜರ್ಮನಿಗೆ ಮಾತ್ರ ಕರ್ನಾಟಕದ ವಿಳಾಸದವರು ಬೆಂಗಳೂರಿನ ಕಾನ್ಸುಲೇಟ್ ವ್ಯಾಪ್ತಿಗೆ ಬರ್ತಾರೆ, ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಲೇಬೇಕು.

ಕೇಂದ್ರದ ಫೆಲೋಶಿಪ್‌ಗೆ ರಾಜ್ಯದ 2ಎ, 3ಬಿ ಪ್ರಮಾಣಪತ್ರ ನಡೆಯಲ್ಲ. ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿದೆಯಾ ನೋಡಿ, ಕೇಂದ್ರದ ನಮೂನೆಯಲ್ಲೇ ತಹಶೀಲ್ದಾರರಿಂದ ಮಾಡಿಸಿ. ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371ಜೆ ಪ್ರಮಾಣಪತ್ರವೂ ಇಲ್ಲಿ ಲೆಕ್ಕಕ್ಕೆ ಬರಲ್ಲ. ಆದರೆ ಅದನ್ನು ಜೋಪಾನ ಇಡಿ, ವಾಪಸ್ ಬಂದು ರಾಜ್ಯ ಸರ್ಕಾರದ ಕಾಲೇಜು, ವಿಶ್ವವಿದ್ಯಾಲಯಗಳ ಹುದ್ದೆಗೆ ಅರ್ಜಿ ಹಾಕುವಾಗ ಬೇಕಾಗುತ್ತೆ.

ಆಫರ್ ಬಂದ ಮೇಲೆ ಸಹಿ ಮಾಡುವ ಮುಂಚೆ ಲ್ಯಾಬ್‌ನ ಈಗಿನ ಪೋಸ್ಟ್‌ಡಾಕ್ ಒಬ್ಬರ ಜೊತೆ, ಪ್ರೊಫೆಸರ್ ಇಲ್ಲದಾಗ, ಅರ್ಧ ಗಂಟೆ ಮಾತಾಡಿ. ಸ್ಕ್ಯಾನರ್ ಗಂಟೆಗಳ ಖರ್ಚು ಯಾವ ಅನುದಾನದಿಂದ, ಅದು ಯಾವಾಗ ಮುಗಿಯುತ್ತೆ? ಎರಡನೇ ವರ್ಷದ ಸಂಬಳ ಬರವಣಿಗೆಯಲ್ಲಿದೆಯಾ? ಹಿಂದಿನವರಿಗೆ ಮೊದಲ ಪೇಪರ್ ಬರೋಕೆ ಎಷ್ಟು ಕಾಲ ಹಿಡೀತು? ಹೋಗುವಾಗ ಡೇಟಾ ಜೊತೆಗೆ ತಗೊಂಡು ಹೋಗಬಹುದಾ? ಅಮೆರಿಕದ್ದಾದರೆ ಸಂಶೋಧಕರಿಗೆ ಕೊಡುವ ಜೆ-1 ವೀಸಾಕ್ಕೆ ಎರಡು ವರ್ಷ ತಾಯ್ನಾಡಿನಲ್ಲಿ ಇರಬೇಕಾದ ಷರತ್ತು ನಿಮಗೆ ಅನ್ವಯಿಸುತ್ತಾ ಅಂತ ಆ ವೀಸಾಕ್ಕೆ ಕೊಡುವ ಡಿಎಸ್-2019 ಫಾರಂನಲ್ಲಿ, ವೀಸಾ ಮೇಲೆ ನೋಡಿ. ಹೆಂಡತಿ ಅಥವಾ ಗಂಡ ಜೊತೆಗೆ ಬರೋದಾದರೆ ಅವರಿಗೆ ಸಿಗುವ ಜೆ-2 ವೀಸಾ ಮೇಲೆ ಕೆಲಸದ ಅನುಮತಿಗೆ ಅರ್ಜಿ ಹಾಕಬಹುದು, ಅಲ್ಲಿಗೆ ಹೋದ ಕೂಡಲೇ ಹಾಕಿ, ಬರೋಕೆ ತಿಂಗಳುಗಳು ಹಿಡಿಯುತ್ತೆ.